ಈ ವ್ಯಾನಿನ ಅಳತೆ ಯಾರಿಗೆ ಗೊತ್ತು?

ನಮಸ್ಕಾರ. ಕೊಲರಾಡೋದ ಬೆಟ್ಟದ ದಾರಿಯಲ್ಲಿದ್ದೇನೆ. ಇವತ್ತು ಮೊದಲು ವ್ಯಾನಿನ ಅಡಿಗೆ ಬನ್ನಿ.

ಮುಂದೆ ಅಡ್ಡಲಾಗಿ ದಪ್ಪ ಆಕ್ಸಲ್ ಕಾಣ್ತಿದೆ ಅಲ್ವಾ? ಡಾನಾ 60 ಅಂತ, ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಗಟ್ಟಿ ಆಕ್ಸಲ್. ಇದು ಫ್ಯಾಕ್ಟರಿಯಲ್ಲಿ ಕೂರಿಸಿದ್ದಲ್ಲ. ನನ್ನದು 2006ರ ಫೋರ್ಡ್ ಇ-350. ಕಂಪನಿಯಿಂದ ಬರುವಾಗ ಇಂಜಿನ್ನಿನ ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ. ನಾಲ್ಕೂ ಚಕ್ರಕ್ಕೆ ಎಳೆತ ಬರಲೆಂದು ಒಂದು ಸಣ್ಣ ವರ್ಕ್‌ಶಾಪಿನವರು ಮುಂದಿನ ಟ್ವಿನ್ ಐ-ಬೀಮ್ ಅನ್ನುವ ಸಸ್ಪೆನ್ಷನ್ ತೊಲೆಗಳನ್ನು ಬಿಚ್ಚಿ, ಈ ಆಕ್ಸಲ್ ಹಾಕಿ, ಗೇರ್‌ಬಾಕ್ಸ್ ಹಿಂದೆ, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಸೇರಿಸಿದರು. ಎಳೆತವನ್ನು ಆಕ್ಸಲ್ಲಿಗೆ ಒಯ್ಯುವ ಡ್ರೈವ್ ಶಾಫ್ಟನ್ನು ಕತ್ತರಿಸಿ ಅಳತೆಗೆ ತಂದರು. ಬ್ರಾಕೆಟ್ ಮೇಲಿನ ವೆಲ್ಡಿಂಗ್ ನೋಡಿ. ಅಮ್ಮ ಕರ್ಜಿಕಾಯಿಯ ಅಂಚು ಮಡಿಸಿದ ಹಾಗಿದೆ. ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ.

ಹೋದ ತಿಂಗಳು ಹಿಂದಿನ ಲೀಫ್ ಸ್ಪ್ರಿಂಗ್ ಹೊಸದು ಹಾಕಿಸಿದೆ. ಆಮೇಲೆ ಹೈವೇಯಲ್ಲಿ ಸೀಟಿನಡಿ ಒಂದೇ ಸಮ ನಡುಕ. ವ್ಯಾನನ್ನು ಹೀಗೆ ಬದಲಾಯಿಸಿದ ವರ್ಕ್‌ಶಾಪಿನವರಿಗೇ ಫೋನ್ ಮಾಡಿದೆ. ನಂಬರ್ ಚಾಲ್ತಿಯಲ್ಲಿಲ್ಲ. ಹುಡುಕಿಕೊಂಡು ಹೋದರೆ ಶೆಡ್ ಖಾಲಿ. ಯಜಮಾನರಿಗೆ ವಯಸ್ಸಾಯಿತಂತೆ, ಮುಂದುವರಿಸಲು ಯಾರೂ ಬರಲಿಲ್ಲವಂತೆ. ದಾವಣಗೆರೆಯಲ್ಲಿ ನಮ್ಮ ಮಾವನ ಲೇತ್ ಅಂಗಡಿಗೂ ಹೀಗೇ ಬೀಗ ಬಿತ್ತು. ತುಂಬಾ ಸಂಕಟವಾಯಿತು.

2014ಕ್ಕೆ, ನನ್ನ ಇ-350 ಸೇರಿದ ಈ ಇ-ಸೀರೀಸ್‌ನ ಪೂರ್ತಿ ಬಾಡಿಯ ವ್ಯಾನ್ ನಿಂತುಹೋಯಿತು. ಆಮೇಲೆ ಬಂದ ಫೋರ್ಡಿನ ಟ್ರಾನ್ಸಿಟ್ ವ್ಯಾನಿಗೆ ಇದರ ಹಾಗೆ ಬಾಡಿಯಿಂದ ಬೇರೆಯಾದ ಚಾಸಿಸ್ ಇಲ್ಲ. ಇಲ್ಲಿ ಕಲಿತ ಕೆಲಸವನ್ನು ಹಾಗೇ ಅಲ್ಲಿಗೆ ಒಯ್ಯಲು ಆಗುವುದಿಲ್ಲ. ಇದೇ ಕೆಲಸ ಮಾಡುವ, ಪೆನ್ಸಿಲ್ವೇನಿಯಾದ ಕ್ವಿಗ್ಲಿ ಕಂಪನಿಯಂಥ ದೊಡ್ಡ ಹಳಬರು ಟ್ರಾನ್ಸಿಟ್‌ಗೂ ಹೊಂದಿಕೊಂಡರು. ಇಬ್ಬರು ಮೂವರು ಸೇರಿ ನಡೆಸುವ ಶೆಡ್‌ಗಳಿಗೆ ಅದು ಸುಲಭವಲ್ಲ. 2015ರ ಮಾಡೆಲ್‌ನಿಂದ ಮರ್ಸಿಡಿಸ್‌ನ ನಾಲ್ಕು ಚಕ್ರ ಎಳೆತದ ವ್ಯಾನ್ ಸ್ಪ್ರಿಂಟರ್ 4x4 ಅಮೆರಿಕದಲ್ಲಿ ಸಿಗತೊಡಗಿತು. 2020ರ ಮಾಡೆಲ್‌ನಿಂದ ಟ್ರಾನ್ಸಿಟ್ ಕೂಡ ನಾಲ್ಕೂ ಚಕ್ರದ ಎಳೆತದೊಂದಿಗೆ ಶೋರೂಮಿಗೇ ಬಂತು. ವಾರಂಟಿ ಇದೆ, ಅದರ ಖರ್ಚೂ ವ್ಯಾನಿನ ಸಾಲದ ಕಂತಿನಲ್ಲೇ ಸೇರುತ್ತದೆ. ಕೊಳ್ಳುವವರನ್ನು ದೂರಲಾರೆ.

ಆದರೆ ಆ ಟ್ರಾನ್ಸಿಟ್‌ಗೆ ಲೋ ರೇಂಜ್, ಅಂದರೆ ತುಂಬಾ ನಿಧಾನಕ್ಕೆ ಹೋಗಲು ಬೇಕಾದ ಹೆಚ್ಚುವರಿ ಗೇರ್, ಇಲ್ಲ. ನನ್ನ ವ್ಯಾನಿಗಿದೆ. ಕಲ್ಲುಬಂಡೆಯ ಇಳಿಜಾರಿನಲ್ಲಿ ಇಂಜಿನ್ನೇ ಹಿಡಿದುಕೊಂಡು, ನಡೆದು ಹೋಗುವ ವೇಗದಲ್ಲಿ ಇಳಿಸುತ್ತದಲ್ಲ, ಆ ಧೈರ್ಯವೇ ಬೇರೆ.

ಕೊನೆಗೆ ಇನ್ನೊಂದು ಊರಿನಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರು ಸಿಕ್ಕರು. ವ್ಯಾನಿನಡಿ ಮಲಗಿ, ಶಾಫ್ಟಿಗೆ ಕೋನ ಅಳೆಯುವ ಗೇಜ್ ಹಚ್ಚಿದರು. ಸ್ಪ್ರಿಂಗ್ ಹೊಸದಾಗಿ ಹಿಂಭಾಗ ಮೇಲೆದ್ದಿದೆ, ಶಾಫ್ಟಿನ ಕೋನ ತಪ್ಪಿದೆ ಅಂದರು. ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಓರೆಯಾದ ತೆಳು ಉಕ್ಕಿನ ತುಂಡು ಇಟ್ಟು ಬಿಗಿದರು. ಅಷ್ಟೇ. ನಡುಕ ಮಾಯ!

ಹೊರಡುವಾಗ ಎಲ್ಲ ಅಳತೆಗಳನ್ನೂ ಒಂದು ರಟ್ಟಿನ ಮೇಲೆ ಬರೆದು ಕೊಟ್ಟರು. ಮುಂದೆ ಯಾರಾದರೂ ಕೈ ಹಾಕಿದರೆ ತೋರಿಸು ಅಂದರು. ನೋಡಿ, ಡ್ರೈವರ್ ಬಾಗಿಲ ಒಳಗೆ ಅಂಟಿಸಿದ್ದೇನೆ.

ಸರಿ, ಲೋ ರೇಂಜ್ ಹಾಕಿದೆ. ಇಳಿಜಾರು ಶುರು.