ಬೀಜದ ಜೋಳ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರ ಸೀಮೆಯ ಎರೆ ಹೊಲಗಳ ನಡುವೆ ಬೆಳೆದವರಿಗೆ ಮೋಡ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಉತ್ತರಿ ಮಳೆ ಕೈಕೊಟ್ಟರೆ ಹಸ್ತಿ, ಹಸ್ತಿಯೂ ಕೈಕೊಟ್ಟರೆ ಚಿತ್ತಿ ಎಂದು ಆಸೆಯನ್ನು ಮಳೆಯಿಂದ ಮಳೆಗೆ ಮುಂದೂಡುತ್ತ ಹಿಂಗಾರಿ ಬಿತ್ತನೆಗೆ ಕಾಯುವ ಈ ನೆಲದಲ್ಲಿ ಹುಟ್ಟಿದ್ದರಿಂದಲೋ ಏನೋ, ಕನ್ನಡ ಬೈಬಲ್ಲಿನ ‘ನಿರೀಕ್ಷೆ’ ಎಂಬ ಪದ ನನಗೆ ಚಿಕ್ಕಂದಿನಲ್ಲಿಯೇ ಹತ್ತಿರವಾಯಿತು. ನಂಬಿಕೆ, ನಿರೀಕ್ಷೆ, ಪ್ರೀತಿ ಈ ಮೂರೂ ನಿಲ್ಲುತ್ತವೆ ಎಂದು ಪೌಲನು ಕೊರಿಂಥದವರಿಗೆ ಬರೆದನು. ಆಸೆ ಎನ್ನಬಹುದಾಗಿದ್ದ, ಭರವಸೆ ಎನ್ನಬಹುದಾಗಿದ್ದ ಸ್ಥಳದಲ್ಲಿ ನಮ್ಮ ಭಾಷಾಂತರಕಾರರು ನಿರೀಕ್ಷೆ ಎಂದದ್ದು ಒಳ್ಳೆಯದೇ ಆಯಿತು. ಆ ಪದದ ಹೊಟ್ಟೆಯಲ್ಲಿ ನೋಡುವ ಕೆಲಸವಿದೆ. ಕಣ್ಣಿಗೆ ಕಂಡದ್ದಕ್ಕಾಗಿ ಯಾರು ಕಾಯುತ್ತಾರೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಪೌಲನೇ ಕೇಳುತ್ತಾನೆ.

ಆದರೆ ಕಷ್ಟ ಬಂದವರ ಮನೆಗೆ ಹೋಗಿ ಈ ಮಾತನ್ನು ಅವಸರದಲ್ಲಿ ಆಡಬಾರದು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದಾಗ ಗೋಡೆ ಕುಸಿದ ಮನೆಗಳ ಮುಂದೆ ನಿಂತು, ‘ಎಲ್ಲಾ ದೇವರ ಚಿತ್ತ’ ಎಂದು ಹೇಳಿ ಹೋದವರನ್ನು ನಾನು ನೋಡಿದ್ದೇನೆ. ಎಲ್ಲವನ್ನೂ ಕಳೆದುಕೊಂಡ ಬೈಬಲ್ಲಿನ ಯೋಬನ ಗೆಳೆಯರು ಇವರಿಗಿಂತ ವಾಸಿ. ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಕೆಟ್ಟದ್ದು ಬಾಯಿ ತೆರೆದ ಮೇಲೆಯೇ.

ಬೈಬಲ್ಲು ದುಃಖಿತರ ಬಾಯಿ ಮುಚ್ಚಿಸುವುದಿಲ್ಲ. 13ನೆಯ ಕೀರ್ತನೆಯ ಮೊದಲೆರಡು ವಚನಗಳಲ್ಲಿಯೇ ಕೀರ್ತನಕಾರನು ‘ಎಷ್ಟರವರೆಗೆ’ ಎಂದು ನಾಲ್ಕು ಸಲ ದೇವರನ್ನು ಕೇಳುತ್ತಾನೆ. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಯಾರೂ ಗ್ರಂಥದಿಂದ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ ಮಾತು ಸಹ 22ನೆಯ ಕೀರ್ತನೆಯ ಮೊದಲ ಸಾಲು. ಕೈಬಿಟ್ಟನೆಂದು ದೂರುವಾಗಲೂ ಅವನು ‘ನನ್ನ ದೇವರೇ’ ಎನ್ನುವುದನ್ನು ಬಿಡಲಿಲ್ಲ. ದೂರು ಮತ್ತು ನಂಬಿಕೆ ಒಂದೇ ಉಸಿರಿನಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಈ ಸೀಮೆಯವರೇ ಬರೆದಂತಿರುವುದು 126ನೆಯ ಕೀರ್ತನೆ. ಬಾಬೆಲಿನ ಸೆರೆಯಿಂದ ಮರಳಿದ ಜನರ ಹಾಡು ಅದು, ಆರೇ ವಚನಗಳು. ದಕ್ಷಿಣ ಸೀಮೆಯ ಬತ್ತಿದ ಹಳ್ಳಗಳಿಗೆ ನೀರು ಬರುವಂತೆ ನಮ್ಮ ಸ್ಥಿತಿಯನ್ನು ತಿರುಗಿಸು ಎಂದು ಅವರು ಬೇಡುತ್ತಾರೆ. ನಮ್ಮ ಸೀಮೆಯ ಡೋಣಿ ಹೊಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಆ ಉಪ್ಪುನೀರಿನ ಹೊಳೆ, ಮೇಲೆಲ್ಲೋ ಮಳೆಯಾದರೆ ಇದ್ದಕ್ಕಿದ್ದಂತೆ ದಂಡೆ ಮೀರಿ ಹರಿಯುತ್ತದೆ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ್ದೂ ಅದರಿಂದಲೇ. ಆಮೇಲಿನ ವಚನ ಎಲ್ಲರಿಗೂ ಬಾಯಿಪಾಠ: ಕಣ್ಣೀರಿಡುತ್ತ ಬಿತ್ತುವವರು ಹಾಡುತ್ತ ಕೊಯ್ಯುವರು. ಕೊಯ್ಯುವವರು ಹಾಡುವುದು ಸರಿಯೇ, ಆದರೆ ಬಿತ್ತುವವರು ಅಳುವುದೇಕೆ?

ಇದಕ್ಕೆ ನನಗೆ ಉತ್ತರ ಕೊಟ್ಟವರು ಯಾವ ಪಾದ್ರಿಯೂ ಅಲ್ಲ, ನಮ್ಮ ಆಯಿ, ಅಂದರೆ ಅಜ್ಜಿ. 1972ರ ಬರದಲ್ಲಿ ನಾನು ಎಂಟು ವರ್ಷದವನು. ಅಪ್ಪ ಅವ್ವ ಇಬ್ಬರೂ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಸಗಣಿ ಮೆತ್ತಿದ ಒಂದು ಗಡಿಗೆಯಿತ್ತು. ಅದರಲ್ಲಿ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಇಟ್ಟ ಬಿಳಿಜೋಳವಿದೆ ಎಂದು ನನಗೆ ಗೊತ್ತಿತ್ತು. ಒಂದು ರಾತ್ರಿ ಹಸಿವು ತಾಳದೆ ಅದನ್ನು ಒಡೆದು ಒಂದು ರೊಟ್ಟಿ ಮಾಡಿಕೊಡೆಂದು ನಾನು ಹಟ ಹಿಡಿದೆ. ಆಯಿ ಗಡಿಗೆಯನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡು ಕುಳಿತಳು. ‘ಅದು ಹೊಟ್ಟೀದಲ್ಲೋ ತಮ್ಮಾ, ಹೊಲದ್ದು’ ಎಂದಳು. ನಾನು ಅತ್ತೆ. ಆಕೆಯೂ ಅತ್ತಳು, ಆದರೆ ಗಡಿಗೆ ಬಿಡಲಿಲ್ಲ.

ಅಳುತ್ತ ಬಿತ್ತುವುದೆಂದರೆ ಇದು. ಹಸಿದ ಮಗುವಿನ ಬಾಯಿಗೆ ಹೋಗಬಹುದಾದ ಕಾಳನ್ನು ಮಣ್ಣಿಗೆ ಕೊಡುವುದು, ಅದೂ ಮಳೆಯ ಖಾತ್ರಿಯಿಲ್ಲದೆ. ಎಲ್ಲ ಸರಿಹೋಗುತ್ತದೆ ಎಂದು ನಗುಮುಖ ಹೊತ್ತು ತಿರುಗುವ ಉತ್ಸಾಹಕ್ಕೂ ಇದಕ್ಕೂ ಸಂಬಂಧವಿಲ್ಲ. ಆಯಿಗೆ ಆ ವರ್ಷ ಉತ್ಸಾಹವಿರಲಿಲ್ಲ. ಭಾನುವಾರ ದೇವಾಲಯದಲ್ಲಿ ಹಾಡುವಾಗ ಆಕೆಯ ತುಟಿ ಆಡುತ್ತಿತ್ತೇ ಹೊರತು ಧ್ವನಿ ಹೊರಡುತ್ತಿರಲಿಲ್ಲ. ಅಕ್ಷರ ಬಾರದ ಆಕೆ ನಿರೀಕ್ಷೆ ಎಂಬ ಪದವನ್ನು ಮನೆಯಲ್ಲಿ ಎಂದೂ ಬಳಸಿದವಳಲ್ಲ. ಗಡಿಗೆ ಮಾತ್ರ ಕಾದಳು.

ಮರುವರ್ಷ ಹಸ್ತಿ ಮಳೆ ಬಂತು. ಅಪ್ಪ ಕೂರಿಗೆ ಹೂಡಿದರು. ಆಯಿ ಗಡಿಗೆಯ ಸಗಣಿ ಒಡೆದು, ಕಾಳನ್ನು ಮೊರದಲ್ಲಿ ಕೇರಿ ಬೂದಿ ಹಾರಿಸಿ, ಅವ್ವನ ಉಡಿಗೆ ಹಾಕಿದಳು. ಕೊನೆಯ ಒಂದು ಹಿಡಿಯನ್ನು ನನ್ನ ಅಂಗೈಗೆ ಸುರುವಿ, ಇದನ್ನು ನೀನೇ ಕೂರಿಗೆಯ ಬಟ್ಟಲಿಗೆ ಬಿಡು ಎಂದು ನನ್ನನ್ನು ಅಪ್ಪನ ಹಿಂದೆ ಹೊಲಕ್ಕೆ ಕಳಿಸಿದಳು. ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ, ಮುಷ್ಟಿ ಬಿಗಿಹಿಡಿದು, ಹೊಲ ಮುಟ್ಟುವವರೆಗೂ ನಡೆದೆ.