ಹೇಳಿದ್ದೇನೆ ಅಂದರೆ ಸಾಲದು

ಫಾದರ್ ಅವರೇ, ಸಿಸ್ಟರ್‌ಗಳೇ, ಮೈಸೂರಿನ ಬೇರೆ ಬೇರೆ ಧರ್ಮಕೇಂದ್ರಗಳಿಂದ, ಅಂದರೆ ಚರ್ಚುಗಳಿಂದ, ಭಾನುವಾರ ಮಧ್ಯಾಹ್ನದ ವಿಶ್ರಾಂತಿಯನ್ನೂ ಬಿಟ್ಟು ಬಂದಿರುವ ಸ್ವಯಂಸೇವಕರೇ, ಎಲ್ಲರಿಗೂ ನಮಸ್ಕಾರ.

ಹಲವು ವರ್ಷಗಳ ಹಿಂದೆ ಒಂದು ಹಬ್ಬದ ದಿನ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಆಗ ನಮ್ಮ ಚರ್ಚಿನಲ್ಲಿ ಊಟದ ಉಸ್ತುವಾರಿ ನನ್ನದು. ಕೆ.ಆರ್. ನಗರದ ಕಡೆಯ ಹಳ್ಳಿಯಿಂದ ಒಂದು ಬಸ್ಸು ಜನ ಬರುತ್ತಾರೆ ಅಂತ ಹಿಂದಿನ ರಾತ್ರಿ ಫೋನ್ ಬಂತು. 'ಅಡುಗೆಯವರಿಗೆ ತಿಳಿಸಿಬಿಡಿ' ಅಂತ ವಾಟ್ಸಾಪ್ ಗುಂಪಿಗೆ ಹಾಕಿದೆ. 11 ಜನ ನೋಡಿದರು, ನಾಲ್ವರು ಕೈಮುಗಿದ ಚಿತ್ರ ಹಾಕಿದರು. ನಾನು ನೆಮ್ಮದಿಯಾಗಿ ಮಲಗಿದೆ. ಮರುದಿನ ಎರಡನೇ ಪಂಕ್ತಿ ಏಳುವಷ್ಟರಲ್ಲಿ ಅನ್ನದ ಕೊಪ್ಪರಿಗೆಯ ತಳ ಕಾಣುತ್ತಿತ್ತು. ಅಡುಗೆಯವರಿಗೆ ಒಬ್ಬರೂ ಹೇಳಿರಲಿಲ್ಲ. ಇನ್ಯಾರೋ ಹೇಳಿರುತ್ತಾರೆ ಅಂತ 11 ಜನರೂ ಅಂದುಕೊಂಡಿದ್ದರು. ಆ ಬಸ್ಸಿನಲ್ಲಿ ಬಂದಿದ್ದ ಒಬ್ಬ ಅಜ್ಜಿ 'ಇರ್ಲಿ ಬುಡವ್ವ, ಪೂಜೆ ಸಿಕ್ತಲ್ಲ' ಅಂದು ಎರಡು ಬಾಳೆಹಣ್ಣು ತಿಂದು ನೀರು ಕುಡಿದು ಹೊರಟರು. ಅವರ ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಅವತ್ತು ಯಾರಿಗೂ ಮನಸ್ಸಿಲ್ಲದೆ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಬಂದು ತರಕಾರಿ ಹೆಚ್ಚಿದವರಿದ್ದರು. ಮಾತೊಂದು ದಾರಿಯಲ್ಲೇ ನಿಂತಿತ್ತು, ಅಷ್ಟೇ.

ಮೊದಲ ಕ್ರೈಸ್ತ ಸಮುದಾಯದಲ್ಲೂ ಇದೇ ಆಯಿತು. ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ಮನೆಗೆ ಹೋಗಿ ಓದಿ. ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗ್ರೀಕ್ ಮಾತನಾಡುವವರು ಗೊಣಗಿದರು. ನಾನು ತುಂಬ ಸಲ ಯೋಚಿಸಿದ್ದೇನೆ, ಅದು ಬೇಕೆಂದೇ ಮಾಡಿದ ಅನ್ಯಾಯವಾಗಿರಲಿಕ್ಕಿಲ್ಲ. ಬಡಿಸುವವರ ಭಾಷೆ ಒಂದು, ಹಸಿದವರ ಭಾಷೆ ಇನ್ನೊಂದು. ಆಗ ಪ್ರೇಷಿತರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಏನು ಮಾಡಿದರು ನೋಡಿ. ಗೊಣಗಿದವರನ್ನು ಗದರಲಿಲ್ಲ. ಎಲ್ಲರನ್ನೂ ಕರೆದು ಕೂರಿಸಿ, ಏಳು ಜನರನ್ನು ಆರಿಸಿ ಅಂದರು. ಸ್ತೇಫನ, ಫಿಲಿಪ್ಪ, ಹೀಗೆ ಆ ಏಳೂ ಹೆಸರು ಗ್ರೀಕ್ ಹೆಸರುಗಳು. ಯಾರ ದೂರು ಬಂದಿತ್ತೋ ಅವರ ಮಾತು ಬಲ್ಲವರ ಕೈಗೇ ಸೌಟು ಕೊಟ್ಟರು ಅಂತ ನಾನು ತಿಳಿದುಕೊಂಡಿದ್ದೇನೆ.

ನಮ್ಮ ಮೈಸೂರನ್ನೇ ನೋಡಿ. ಒಂದೇ ಧರ್ಮಕೇಂದ್ರದಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳಂ ಆಡುವ ಮನೆಗಳಿವೆ. ಆದರೆ ಸ್ವಯಂಸೇವಕರ ಗುಂಪಿಗೆ ಸಂದೇಶ ಬರುವುದು ಇಂಗ್ಲಿಷಿನಲ್ಲಿ. ಪಾತ್ರೆ ತೊಳೆಯಲು ಬರುವ ನಮ್ಮ ಅಕ್ಕಂದಿರು ಅದನ್ನು ತೆರೆದು ನೋಡುತ್ತಾರೆ, ಓದಲಾರರು. 'ಗೊತ್ತಾಗಲಿಲ್ಲ' ಅನ್ನಲು ಸಂಕೋಚ. ದಯವಿಟ್ಟು ಕನ್ನಡದಲ್ಲಿ ಅರ್ಧ ನಿಮಿಷ ಮಾತನಾಡಿ ಧ್ವನಿ ಸಂದೇಶ ಕಳಿಸಿ. ಇನ್ನೂ ಒಳ್ಳೆಯದೆಂದರೆ ಫೋನ್ ಮಾಡಿ.

ಬಂದವರನ್ನು ಬರಮಾಡಿಕೊಳ್ಳಲು ಚರ್ಚಿನ ಬಾಗಿಲಲ್ಲಿ ನಿಲ್ಲುವವರ ಕಷ್ಟ ಇನ್ನೊಂದು ಬಗೆಯದು. ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಂದರೆ ಬೇರೆ ಧರ್ಮದವರು ಆ ಅಂಗಳಕ್ಕೆ ಬರುವುದು ಮೊದಲ ಕಲ್ಲಿನಿಂದಲೇ ಶುರುವಾಯಿತು. ದೋರನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹೋದವರಿಗಂತೂ ನಾನು ಹೇಳಬೇಕಾಗಿಲ್ಲ. ಬಂದವರು ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳುತ್ತಾರೆ, ಮೇಣದಬತ್ತಿ ಎಲ್ಲಿ ಹಚ್ಚಬೇಕು ಅಂತ ಕೇಳುತ್ತಾರೆ. ಇವೆಲ್ಲ ಸುಲಭ. ಕಷ್ಟ ಬರುವುದು ಪರಮಪ್ರಸಾದದ ಹೊತ್ತಿಗೆ, ಅಂದರೆ ಪೂಜೆಯಲ್ಲಿ ಗುರುಗಳು ಪವಿತ್ರ ರೊಟ್ಟಿ ಕೊಡುವಾಗ. ಪ್ರಸಾದ ಅನ್ನುವ ಪದ ಕಿವಿಗೆ ಬಿದ್ದ ಮೇಲೆ, ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದ ಕುಟುಂಬ ಭಕ್ತಿಯಿಂದಲೇ ಸಾಲಿನಲ್ಲಿ ನಿಲ್ಲುತ್ತದೆ. ಒಬ್ಬ ಸ್ವಯಂಸೇವಕ 'ಬನ್ನಿ ಬನ್ನಿ' ಅನ್ನುತ್ತಾನೆ, ಹತ್ತು ಹೆಜ್ಜೆ ಮುಂದೆ ಇನ್ನೊಬ್ಬ ಎಲ್ಲರೆದುರಿಗೆ ತಡೆಯುತ್ತಾನೆ. ಆ ತಾಯಿಯ ಮುಖ ಬಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರೂ ಪೂಜೆಗೆ ಮೊದಲು ಎರಡು ನಿಮಿಷ ಮಾತಾಡಿಕೊಂಡಿದ್ದರೆ ಸಾಕಿತ್ತು. 'ಅಮ್ಮಾ, ಇದು ದೀಕ್ಷಾಸ್ನಾನ ಪಡೆದು ಸಿದ್ಧತೆ ಮಾಡಿಕೊಂಡ ನಮ್ಮವರು ಸ್ವೀಕರಿಸುವುದು. ನೀವು ಇಲ್ಲೇ ಕೂತು ಪ್ರಾರ್ಥನೆ ಮಾಡಿ' ಅಂತ ಸಾಲು ಏಳುವ ಮುಂಚೆಯೇ, ಬೆಂಚಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಬಹುದು. ಎದೆಯ ಮೇಲೆ ಕೈ ಅಡ್ಡ ಇಟ್ಟು ಬಂದವರನ್ನು ಗುರುಗಳು ಆಶೀರ್ವದಿಸುವ ರೂಢಿ ಕೆಲವು ಕಡೆ ಇದೆ. ನಿಮ್ಮಲ್ಲಿ ಹೇಗೆ ಅಂತ ನಿಮ್ಮ ಫಾದರ್ ಹತ್ತಿರ ಕೇಳಿ, ಎಲ್ಲರೂ ಒಂದೇ ಉತ್ತರ ಕೊಡಿ.

ಯೇಸುಸ್ವಾಮಿಯನ್ನು ಮನೆಗೆ ಕರೆದು ಉಪಚರಿಸಿದ ಮಾರ್ತಳ ಕತೆ ಎಲ್ಲರಿಗೂ ಗೊತ್ತು. ತಂಗಿ ಮರಿಯ ಅವರ ಮಾತು ಕೇಳುತ್ತಾ ಕೂತಿದ್ದಳು. ಕೆಲಸವೆಲ್ಲ ನನ್ನ ಮೇಲೇ ಬಿತ್ತು ಅಂತ ಅವಳು ದೂರಿದ್ದು ತಂಗಿಯ ಹತ್ತಿರ ಅಲ್ಲ, ಅತಿಥಿಯಾಗಿ ಬಂದ ಸ್ವಾಮಿಯ ಹತ್ತಿರ. ನಾವೂ ಹಾಗೇ ಮಾಡುತ್ತೇವೆ. ಜೊತೆಗೆ ಬಡಿಸುವವರ ಮೇಲಿನ ಬೇಸರವನ್ನು ಫಾದರ್ ಮುಂದೆ, ಇಲ್ಲವೇ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತೇವೆ. ನೇರವಾಗಿ ಅವರನ್ನೇ ಪಕ್ಕಕ್ಕೆ ಕರೆದು, 'ಅಣ್ಣಾ, ಇವತ್ತು ನೀರಿನ ಕಡೆ ನಾನೊಬ್ಬಳೇ ಆದೆ' ಅನ್ನಿ.

ಆ ಬಸ್ಸಿನ ದಿನದ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕೆಲಸವನ್ನು ಗುಂಪಿಗೆ ಹೇಳುವುದಿಲ್ಲ, ಹೆಸರು ಹಿಡಿದು ಒಬ್ಬರಿಗೆ ಹೇಳುತ್ತೇನೆ. ಅವರು ಅದನ್ನು ತಮ್ಮ ಮಾತಿನಲ್ಲಿ ನನಗೆ ತಿರುಗಿ ಹೇಳುವವರೆಗೆ ಫೋನ್ ಇಡುವುದಿಲ್ಲ. 'ಆಯ್ತಕ್ಕ' ಅನ್ನುವುದನ್ನು ಉತ್ತರ ಅಂತ ಒಪ್ಪುವುದಿಲ್ಲ. 'ಅಡುಗೆಯವರಿಗೆ ರಾತ್ರಿ ಒಂಬತ್ತರೊಳಗೆ ಫೋನ್ ಮಾಡಿ ಇನ್ನೂ 50 ಜನ ಅಂತ ಹೇಳ್ತೀನಿ, ಹೇಳಿದ ಮೇಲೆ ನಿಮಗೆ ತಿಳಿಸ್ತೀನಿ' ಅನ್ನಬೇಕು. ಮೊದಮೊದಲು ಕೆಲವರಿಗೆ ಬೇಜಾರಾಯಿತು, ನಮ್ಮನ್ನು ನಂಬುವುದಿಲ್ಲವೇ ಅಂದರು. ನಾನು ಅವರಿಗೆ ಆ ಅಜ್ಜಿಯ ಕತೆ ಹೇಳಿದೆ.

ಈಗ ನಿಮ್ಮ ಪಕ್ಕದಲ್ಲಿ ಕೂತವರ ಕಡೆ ತಿರುಗಿ. ಮುಂದಿನ ಭಾನುವಾರ ನಿಮ್ಮ ಪಾಲಿಗೆ ಬಂದಿರುವ ಕೆಲಸವನ್ನು ಅವರಿಗೆ ಹೇಳಿ. ಅವರು ಅದನ್ನು ನಿಮಗೆ ತಿರುಗಿ ಹೇಳಲಿ. ಆಮೇಲೆ ಚಹಾ ಕುಡಿಯೋಣ. ಎಷ್ಟು ಲೋಟ ಬೇಕು ಅಂತ ಅಡುಗೆಮನೆಗೆ ಹೇಳಿದವರು ಯಾರು, ಕೈ ಎತ್ತಿ.