‘ನಾನು ಇಂಡಿಯಾದವನು’

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಣಭೇದದ ಬಗ್ಗೆ, ಮೂರು ತಲೆಮಾರು ಕಂಡ ಬದಲಾವಣೆಯ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ಇತಿಹಾಸದ ಮೇಷ್ಟ್ರಲ್ಲ. ಒಂದು ಬೀಗದ ಕೈ ವಿಷಯದಿಂದ ಶುರುಮಾಡುತ್ತೇನೆ.

1979ರಲ್ಲಿ ಹಾಸನದಿಂದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಬಂದೆ. 1963ರಲ್ಲಿ ಅದೇ ಊರಿನಲ್ಲಿ, ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಛೂ ಬಿಟ್ಟಿದ್ದರು. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರು ಅವರ ಚರ್ಚಿನಲ್ಲಿ ಬಾಂಬಿಟ್ಟು ನಾಲ್ಕು ಹುಡುಗಿಯರನ್ನು ಕೊಂದಿದ್ದರು. ನನಗೆ ಅದೊಂದೂ ಗೊತ್ತಿರಲಿಲ್ಲ, ಬಾಡಿಗೆ ಎಷ್ಟು ಅನ್ನೋದೇ ಚಿಂತೆ. ಮನೆಯ ಮಾಲೀಕ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮನೆ ಆಗಲೇ ಕೊಟ್ಟಾಯ್ತು’ ಅಂದ. ನಾನು ಗಾಬರಿಯಲ್ಲಿ, ‘ಸಾರ್, ನಾನು ಇಂಡಿಯಾದವನು’ ಅಂದೆ. ಅವನ ಮುಖ ಸಡಿಲಾಯಿತು. ಜೇಬಿನಿಂದ ಹಿತ್ತಾಳೆಯ ಕೀ ತೆಗೆದು ಕೈಗಿಟ್ಟ. ‘ಇಲ್ಲಿಯ ಜನ ಬಹಳ ಒಳ್ಳೆಯವರು’ ಅಂತ ಆ ರಾತ್ರಿಯೇ ಅಪ್ಪನಿಗೆ ಕಾಗದ ಬರೆದೆ.

ಬಹಳ ವರ್ಷಗಳ ಮೇಲೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರಸಂಗ ಓದಿದೆ. 1941, ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯ. ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಮೊದಲು ಏಳಿ ಅಂದ. ಭಾರತದವರೆಂದು ತಿಳಿದ ಮೇಲೆ ಕೂತಿರಲಿ ಬಿಡು ಅನ್ನುವ ಹಾಗೆ ಮೆತ್ತಗಾದ. ಆಕೆ ಆ ವಿನಾಯಿತಿಯನ್ನೇ ಬೇಡವೆಂದರು. ನಾನೂ ಬಣ್ಣದವಳೇ, ಜಾಗ ಬಿಟ್ಟು ಏಳೋದಿಲ್ಲ ಅಂದರು. ಆಕೆ ತಿರುಗಿಸಿ ಕೊಟ್ಟದ್ದನ್ನು ನಾನು ಕೇಳಿ ಪಡೆದುಕೊಂಡಿದ್ದೆ.

ಇನ್ನೂ ಒಂದು ಲೆಕ್ಕ ಇದೆ. ಅಮೆರಿಕದ 1946ರ ವಲಸೆ ಕಾನೂನಿನಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. 1965ರ ಮಾರ್ಚಿನಲ್ಲಿ ಅಲಬಾಮಾದ ಸೆಲ್ಮಾ ಊರಿನ ಸೇತುವೆ ಮೇಲೆ ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟ ಕಪ್ಪು ಜನ ಪೊಲೀಸರ ಲಾಠಿ ಏಟು ತಿಂದರು, ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು, ಅಕ್ಟೋಬರಿನಲ್ಲಿ ಅದೇ ಅಧ್ಯಕ್ಷ ಜಾನ್ಸನ್ ಹಳೆಯ ವಲಸೆ ಕೋಟಾ ಪದ್ಧತಿ ಕೊನೆಗೊಳಿಸುವ ಕಾನೂನಿಗೆ ಸಹಿ ಹಾಕಿದರು. ನಮ್ಮ ವೀಸಾದ ದಾರಿ ಆ ಸೇತುವೆ ಮೇಲೆಯೇ ಹಾದು ಬಂದಿದೆ. ನಮ್ಮ ಪಾರ್ಟಿಗಳಲ್ಲಿ ಈ ಮಾತು ಯಾರೂ ಎತ್ತೋದಿಲ್ಲ. ಐಐಟಿ, ಅಂಕ, ಪರಿಶ್ರಮ, ಇಷ್ಟೇ.

2003ರಲ್ಲಿ ಮಗಳು ಕಪ್ಪು ಹುಡುಗನನ್ನು ಮದುವೆಯಾದಳು. ಅಂತರ್ವರ್ಣೀಯ ಮದುವೆಗೆ ಇದ್ದ ನಿಷೇಧವನ್ನು ಅಲಬಾಮಾ ತನ್ನ ಸಂವಿಧಾನದಿಂದ ತೆಗೆದದ್ದೇ 2000ದಲ್ಲಿ. ಆಗಲೂ ನೂರಕ್ಕೆ 40 ಮಂದಿ ಬೇಡ ಅಂತ ಮತ ಹಾಕಿದ್ದರು. ಅವರನ್ನು ಬೈಯುವ ಯೋಗ್ಯತೆ ನಮಗಿರಲಿಲ್ಲ. ಹಾಸನದಿಂದ ಫೋನು ಮಾಡಿದ ನನ್ನಕ್ಕ, ‘ಬಿಳಿಯವನಾದರೂ ಆಗಿದ್ದರೆ ಏನೋ ಅನ್ನಬಹುದಿತ್ತು ಕಣೋ’ ಅಂದಳು. ನಾನು ಸುಮ್ಮನಿದ್ದೆ. ಒಪ್ಪಿದ್ದಕ್ಕೇ ಸುಮ್ಮನಿದ್ದೆ ಅಂತ ಇವತ್ತು ಹೇಳಬಲ್ಲೆ.

ಮೊಮ್ಮಗನಿಗೆ ಹದಿನಾರು ತುಂಬಿದಾಗ ಅಳಿಯ ಕಾರು ಕಲಿಸಿದ. ಗೇರಿಗಿಂತ ಮೊದಲು ಬೇರೆ ಪಾಠ: ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ, ಲೈಸೆನ್ಸ್ ತೆಗೆಯುವ ಮುಂಚೆ ಬಾಯಲ್ಲಿ ಹೇಳು, ದನಿ ಏರಿಸಬೇಡ. ನಾನು ಹಿಂದಿನ ಸೀಟಿನಲ್ಲಿದ್ದೆ. ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿ, ‘ತಾತ, ನಿಂಗೂ ಯಾರಾದ್ರೂ ಹೀಗೆ ಹೇಳಿಕೊಟ್ಟಿದ್ರಾ?’ ಅಂದ.

ಇಲ್ಲ. ನನಗೆ ಆ ಒಂದು ವಾಕ್ಯ ಸಾಕಾಗಿತ್ತು. ಅವನು ಅದನ್ನು ಹೇಳಿದರೆ ಯಾರೂ ನಂಬೋದಿಲ್ಲ.

ಬೀಗದ ಕೈ ಕಥೆಯನ್ನು ಅವರಿಬ್ಬರಿಗೂ ಅವತ್ತೇ ಹೇಳಿದೆ. ಅಳಿಯ ಕೇಳಿದ್ದು ಒಂದೇ: ‘ಅದು ಯಾವ ಬೀದಿ?’ 1979ರಲ್ಲಿ ಅವನಪ್ಪನೂ ಬರ್ಮಿಂಗ್‌ಹ್ಯಾಮ್‌ನಲ್ಲೇ ಬಾಡಿಗೆ ಮನೆ ಹುಡುಕುತ್ತಿದ್ದರಂತೆ.